ನೋಡತಕ್ಕದ್ದು ಮತ್ತು ನೋಡುವ ಬಗೆ

ಪಾಠಶಾಲೆಯ ಹೊರಗೆ ವಿದ್ಯಾರ್ಥಿಯು ಏನನ್ನು ಓದುತ್ತಾನೆ ಎಂದು ವಿಚಾರಿಸುವ ಪಾಲಕರು ಈ ನಾಡಿನಲ್ಲಿ ಹಿಂದಿನಿಂದಲೂ ಇದ್ದಾರೆ. ಅವನು ಏನನ್ನು ನೋಡುತ್ತಾನೆ ಎಂದು ವಿಚಾರಿಸುವವರು ವಿರಳ. ‘ಅದನ್ನು ನೋಡಬೇಡ’ ಎಂದು ಗದರಿಸುವವರು ಅನೇಕರು. ‘ಇದನ್ನು ನೋಡು, ಬಾ’ ಎಂದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವವರು ಕೆಲವರು ಮಾತ್ರ. ಚಲನಚಿತ್ರ ಮತ್ತು ದೂರದರ್ಶನಗಳ ವಿಷಯದಲ್ಲಿ ಹಿರಿಯರ ಕರ್ತವ್ಯವು ನಿಷೇಧದೊಂದಿಗೆ ಮುಗಿದುಹೋಯಿತೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆದರೆ ನಿಷೇಧವು ಸುಲಭವಾದ ಕೆಲಸ. ಆಯ್ಕೆಯು ಕಷ್ಟದ ಕೆಲಸ. ಶಿಕ್ಷಣವೆಂಬುದು ಕಷ್ಟದ ಕೆಲಸದ ಕಡೆಗೇ ಸೇರಿದುದು.

ಹಿರಿಯರ ಅಂಜಿಕೆ ಆಧಾರವಿಲ್ಲದ್ದೇನೂ ಅಲ್ಲ. ವ್ಯಾಪಾರಕ್ಕಾಗಿಯೇ ತಯಾರಾಗುವ ಚಿತ್ರಗಳಲ್ಲಿ ಹೊಡೆದಾಟವೇ ಪರಾಕ್ರಮವಾಗಿ, ಹೆಣ್ಣಿನ ಬೆನ್ನು ಹತ್ತಿ ಪೀಡಿಸುವುದೇ ಪ್ರೇಮವಾಗಿ, ಹಣವೇ ಪುರುಷಾರ್ಥವಾಗಿ ತೋರುವುದನ್ನು ಯಾರೂ ಅಲ್ಲಗಳೆಯಲಾರರು. ಎಳೆಯ ಮನಸ್ಸು ಅದನ್ನು ಕಂಡು ಅದರಂತೆಯೇ ಆಡಬಯಸುವುದೂ ಸಹಜ. ಆದರೆ ಕೆಟ್ಟ ಪುಸ್ತಕಗಳಿವೆಯೆಂಬ ಕಾರಣದಿಂದ ಗ್ರಂಥಾಲಯಕ್ಕೆ ಬೀಗ ಹಾಕಿದ ಶಾಲೆ ಎಲ್ಲಿಯೂ ಇಲ್ಲ. ಕೆಟ್ಟದ್ದಕ್ಕೆ ಪ್ರತಿಯಾಗಿ ಒಳ್ಳೆಯದನ್ನು ಇರಿಸುವುದೇ ವಿವೇಕದ ಮಾರ್ಗವೆಂದು ಪುಸ್ತಕದ ವಿಷಯದಲ್ಲಿ ಒಪ್ಪಿಕೊಂಡವರು ಚಿತ್ರದ ವಿಷಯದಲ್ಲಿಯೂ ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಮಠಪರಂಪರೆಗೆ ನಾಟ್ಯಕಲೆ ಹೊರಗಿನದೂ ಅಲ್ಲ. ಏಣಗಿ ಬಾಳಪ್ಪನವರು ಬಸವೇಶ್ವರರ ಪಾತ್ರವನ್ನು ಧರಿಸಿ ರಂಗಕ್ಕೆ ಬಂದಾಗ ಪ್ರೇಕ್ಷಕರು ಭಕ್ತಿಯಿಂದ ಕೈಮುಗಿಯುತ್ತಿದ್ದುದನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ನೆನೆಯುತ್ತಾರೆ. ಸಾಣೇಹಳ್ಳಿಯ ಮಠವು 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗಾಟದ ನಾಟಕ ತಂಡವನ್ನೇ ಕಟ್ಟಿ, ನಾಟಕವನ್ನು ಲೋಕಶಿಕ್ಷಣದ ಸಾಧನವನ್ನಾಗಿ ಮಾಡಿಕೊಂಡಿತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರರು 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ಬೆಳ್ಳಿತೆರೆಯ ನಾಯಕನಟರಾದರು. ರಂಗದ ದೀಪವೇ ಮುಂದೆ ತೆರೆಯ ಬೆಳಕಾಯಿತು. ಹೀಗಿರುವಾಗ ಒಂದಕ್ಕೆ ಮಂಗಳಾರತಿ ಎತ್ತಿ ಇನ್ನೊಂದಕ್ಕೆ ಬಾಗಿಲು ಮುಚ್ಚುವುದು ನ್ಯಾಯವೆನಿಸದು.

ದೂರದರ್ಶನದ ಇತಿಹಾಸದಲ್ಲಿ ಈ ಭಾಗದ ಹಳ್ಳಿಗಳಿಗೆ ಒಂದು ವಿಶೇಷ ಸ್ಥಾನವಿದೆಯೆಂಬುದನ್ನು ಇಂದಿನ ತರುಣರು ಬಹುಶಃ ಅರಿಯರು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ನೇರವಾಗಿ ಬಿತ್ತರಿಸಲಾಯಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ರಾಜಧಾನಿಗಿಂತ ಮೊದಲೇ ಬಿಸಿಲ ನಾಡಿನ ಹಳ್ಳಿಯ ಮಕ್ಕಳು ಬೆಳಗಿನ ಹೊತ್ತು ಶಾಲೆಯಲ್ಲಿ ವಿಜ್ಞಾನದ ಪಾಠವನ್ನು ಪೆಟ್ಟಿಗೆಯೊಳಗೆ ಕಂಡರು. ಸಾಯಂಕಾಲ ದೊಡ್ಡವರು ಬೇಸಾಯದ, ಆರೋಗ್ಯದ ಮಾತು ಕೇಳಿದರು. ಊರಿಗೆ ಒಂದೇ ಪೆಟ್ಟಿಗೆ. ಅದು ಸಾರ್ವಜನಿಕ ಸ್ಥಳದಲ್ಲಿ. ಯಾರ ಮನೆಯ ಸ್ವತ್ತೂ ಅಲ್ಲದ ಆ ಪೆಟ್ಟಿಗೆಯ ಮುಂದೆ ಊರು ಸೇರಬೇಕಾಗಿತ್ತು, ಸೇರಿದವರು ನೋಡಿದ್ದನ್ನು ಕುರಿತು ಮಾತನಾಡಬೇಕಾಗಿತ್ತು.

ಈ ಹೊತ್ತು ಪೆಟ್ಟಿಗೆಯು ಅಂಗೈಗೆ ಇಳಿದಿದೆ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಯಲ್ಲಿ ಕುಳಿತು ನಾಲ್ಕು ಬಗೆಯ ದೃಶ್ಯಗಳನ್ನು ನೋಡುತ್ತಾರೆ. ಒಂದು ತುಣುಕು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಆರಂಭವಾಗುತ್ತದೆ. ಮುಂದಿನದು ಯಾವುದೆಂಬುದನ್ನು ಆರಿಸುವವರು ತಂದೆಯೂ ಅಲ್ಲ, ಗುರುವೂ ಅಲ್ಲ, ನೋಡುವವನೂ ಅಲ್ಲ. ಅವನ ಕಣ್ಣು ಎಲ್ಲಿ ಹೆಚ್ಚು ಹೊತ್ತು ನಿಂತಿತೆಂಬುದನ್ನು ಲೆಕ್ಕವಿಡುವ ಯಂತ್ರ. ಚಿತ್ರಮಂದಿರದ ಬಾಗಿಲಲ್ಲಿ ಮಗನನ್ನು ತಡೆಯಬಹುದಾಗಿತ್ತು. ಅಂಗೈಯ ಬಾಗಿಲಲ್ಲಿ ಕಾವಲು ನಿಲ್ಲುವುದು ಯಾರಿಂದಲೂ ಸಾಧ್ಯವಿಲ್ಲ. ಆದಕಾರಣ ಉಳಿದಿರುವ ಕಾವಲು ಒಂದೇ, ಅದು ನೋಡುವವನ ಒಳಗಿನ ಅಭಿರುಚಿ. ಆ ಅಭಿರುಚಿ ತಾನಾಗಿ ಹುಟ್ಟುವುದಿಲ್ಲ. ಒಳ್ಳೆಯದನ್ನು ಕಂಡ ಕಣ್ಣಿಗೆ ಮಾತ್ರ ಕೀಳಾದದ್ದು ಕೀಳಾಗಿ ಕಾಣುತ್ತದೆ.

ಹಾಗಾದರೆ ಏನನ್ನು ತೋರಿಸಬೇಕು?

ಚಿಕ್ಕ ಮಕ್ಕಳಿಗೆ ಮೊದಲು ತೋರಿಸತಕ್ಕದ್ದು ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ, 1985ರ ‘ಬೆಟ್ಟದ ಹೂವು’. ಬಡ ಕುಟುಂಬದ ಬಾಲಕ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳಬೇಕೆಂಬ ಹಂಬಲ. ಅವನು ಕಾಡಿನಲ್ಲಿ ಅಲೆದು ಅಪರೂಪದ ಹೂಗಳನ್ನು ತಂದುಕೊಟ್ಟು ಕಾಸಿಗೆ ಕಾಸು ಕೂಡಿಸುತ್ತಾನೆ. ಕಡೆಗೆ ಆ ಹಣದಿಂದ ಬರುವುದು ಪುಸ್ತಕವಲ್ಲ, ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ. ಬಾಲನಟ ಪುನೀತ್ ಅವರಿಗೆ ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ದೊರೆಯಿತು. ದಾಸೋಹವೆಂದರೇನೆಂಬುದನ್ನು ಹತ್ತು ಭಾಷಣಗಳು ವಿವರಿಸಲಾರದಷ್ಟು ಸ್ಪಷ್ಟವಾಗಿ ಆ ಕಂಬಳಿ ವಿವರಿಸುತ್ತದೆ. ಆದರೆ ಚಿತ್ರ ಮುಗಿದ ಮೇಲೆ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ ‘ರಾಮು ಎಷ್ಟು ಒಳ್ಳೆಯ ಹುಡುಗ, ಅಲ್ಲವೇ?’ ಎಂಬುದಲ್ಲ, ‘ಪುಸ್ತಕವನ್ನೂ ಕಂಬಳಿಯನ್ನೂ ಎರಡನ್ನೂ ಪಡೆಯಲಾರದ ಸ್ಥಿತಿ ಆ ಹುಡುಗನಿಗೆ ಏಕೆ ಬಂದಿತು?’ ಎಂಬುದು. ಮೊದಲನೆಯದಕ್ಕೆ ಮಕ್ಕಳು ತಲೆಯಾಡಿಸುತ್ತಾರೆ. ಎರಡನೆಯದಕ್ಕೆ ಯೋಚಿಸುತ್ತಾರೆ.

ಕಿರುತೆರೆಯ ಕೃತಿಗಳಲ್ಲಿ ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಮಕ್ಕಳಿಗೂ ಹಿರಿಯರಿಗೂ ಸಮಾನವಾಗಿ ಸಲ್ಲುತ್ತದೆ. ಆರ್. ಕೆ. ನಾರಾಯಣರ ಕಲ್ಪನೆಯ ಊರು 1986ರ ಸುಮಾರಿಗೆ ಆಗುಂಬೆಯ ಬೀದಿಗಳಲ್ಲಿ ಮೈದಳೆಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ನಟಿಸಿದರು. ಚಿತ್ರಗಳನ್ನು ಬರೆದವರು ನಾರಾಯಣರ ಸೋದರ ಆರ್. ಕೆ. ಲಕ್ಷ್ಮಣರು. ಅಲ್ಲಿ ದೊಡ್ಡ ಘಟನೆಗಳಿಲ್ಲ. ಪರೀಕ್ಷೆಯ ಭಯ, ಗೆಳೆಯನೊಂದಿಗಿನ ಜಗಳ, ಅಜ್ಜಿಯ ಕತೆ, ಅಪ್ಪನ ಸಿಟ್ಟು, ಇಷ್ಟೇ. ಆದರೆ ಸಣ್ಣ ಬದುಕಿಗೂ ಘನತೆಯುಂಟು ಎಂಬುದನ್ನು ಕಾಣಿಸುವ ಕೃತಿ ಹುಡುಗನಿಗೆ ತನ್ನ ಊರನ್ನು ಪ್ರೀತಿಸಲು ಕಲಿಸುತ್ತದೆ. ಸದ್ಯದ ಕಾರ್ಯಕ್ರಮಗಳಲ್ಲಿ ಹೆಸರಿಸಬೇಕಾದದ್ದು ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ, ಡಾ. ನಾ. ಸೋಮೇಶ್ವರರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’. ಸರಿಯುತ್ತರ ಹೇಳಿದವರಿಗೆ ಅಲ್ಲಿ ಸಿಗುವುದು ಲಕ್ಷವೂ ಅಲ್ಲ, ಕೋಟಿಯೂ ಅಲ್ಲ, ಕನ್ನಡ ಪುಸ್ತಕ. ಬಹುಮಾನದ ಆಯ್ಕೆಯಲ್ಲಿಯೇ ಒಂದು ಮೌಲ್ಯ ಅಡಗಿದೆ.

ಎಂಟು, ಒಂಬತ್ತನೆಯ ತರಗತಿಗೆ ಬಂದ ವಿದ್ಯಾರ್ಥಿಗಳು ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯನ್ನು ನೋಡಲೇಬೇಕು. ಬಂಗಾಳಿ ಬಾರದೆಂಬುದು ಅಡ್ಡಿಯಲ್ಲ. ಆ ಚಿತ್ರದಲ್ಲಿ ಮಾತಿಗಿಂತ ಮುಖಗಳೇ ಹೆಚ್ಚು ಹೇಳುತ್ತವೆ. ಅಕ್ಕ ದುರ್ಗಾ, ತಮ್ಮ ಅಪು ಬಿಳಿಯ ಹುಲ್ಲಿನ ಬಯಲಿನಲ್ಲಿ ಓಡಿ ರೈಲು ಕಾಣುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ಶಿಕ್ಷಕರ ದೃಷ್ಟಿಯಿಂದ ಅದಕ್ಕಿಂತ ಮಿಗಿಲಾದದ್ದು ಇನ್ನೊಂದಿದೆ. ನೆರೆಮನೆಯ ಮಣಿಸರ ಕದ್ದಳೆಂದು ದುರ್ಗಾಳ ಮೇಲೆ ಹಿಂದೆ ಆರೋಪ ಬಂದಿರುತ್ತದೆ. ಅವಳು ತೀರಿಕೊಂಡ ಬಳಿಕ ಮನೆ ಬಿಡುವ ಹೊತ್ತಿನಲ್ಲಿ ಆ ಸರ ಅಪುವಿನ ಕೈಗೆ ಸಿಗುತ್ತದೆ. ಅವನು ಅದನ್ನು ಯಾರಿಗೂ ತೋರಿಸದೆ ಕೆರೆಗೆ ಎಸೆಯುತ್ತಾನೆ. ನೀರ ಮೇಲಿನ ಪಾಚಿ ಸರಿದು, ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಹುಡುಗ ಮಾಡಿದ್ದು ಸುಳ್ಳೇ, ಪ್ರೀತಿಯೇ? ನೀತಿಪಾಠದ ಪುಸ್ತಕಗಳಲ್ಲಿ ಇಂತಹ ಪ್ರಶ್ನೆ ಬರುವುದಿಲ್ಲ. ಜೀವನದಲ್ಲಿ ಬರುವುದು ಬಹುಮಟ್ಟಿಗೆ ಇಂತಹ ಪ್ರಶ್ನೆಗಳೇ.

ರಾಯ್ ಅವರಿಗೆ ದಾರಿ ತೋರಿದ್ದು ಇಟಲಿಯ ವಿಟ್ಟೋರಿಯೊ ಡಿ ಸಿಕಾ ಅವರ 1948ರ ‘ಬೈಸಿಕಲ್ ಥೀವ್ಸ್’. 1950ರಲ್ಲಿ ಲಂಡನ್ನಿನಲ್ಲಿ ಅವರು ಅದನ್ನು ನೋಡಿದ್ದರು. ಕೆಲಸಕ್ಕೆ ಬೇಕೇ ಬೇಕಾದ ಸೈಕಲ್ಲನ್ನು ಕಳೆದುಕೊಂಡ ತಂದೆ ತನ್ನ ಎಳೆಯ ಮಗನೊಂದಿಗೆ ರೋಮ್ ನಗರವನ್ನೆಲ್ಲ ಅಲೆದು, ಎಲ್ಲಿಯೂ ಸಿಗದೆ, ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮಗ ಅದನ್ನು ಕಣ್ಣಾರೆ ಕಾಣುತ್ತಾನೆ. ಆದರೂ ಗುಂಪಿನ ನಡುವೆ ತಂದೆಯ ಕೈಯನ್ನು ಹಿಡಿದುಕೊಳ್ಳುತ್ತಾನೆ. ತಂದೆಯ ಪಾತ್ರ ವಹಿಸಿದವನು ನಟನಲ್ಲ, ಕಾರ್ಖಾನೆಯ ಕೂಲಿಕಾರ. ಕಾಯಕದ ಮಹಿಮೆಯನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಕಾಯಕ ಮಾಡಲು ಸಿದ್ಧನಿದ್ದವನಿಗೆ ಕಾಯಕವೇ ಸಿಗದಿದ್ದರೆ ಏನಾಗುತ್ತದೆಂಬುದನ್ನು ಈ ಚಿತ್ರ ಕಲಿಸುತ್ತದೆ.

ಕನ್ನಡದಲ್ಲಿ ಇದರ ಸಾಲಿಗೆ ನಿಲ್ಲುವುದು ‘ಚೋಮನ ದುಡಿ’. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ, ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದವು. ಒಂದು ತುಂಡು ನೆಲವನ್ನು ತನ್ನದಾಗಿ ಉಳಬೇಕೆಂಬುದೊಂದೇ ಚೋಮನ ಆಸೆ. ಅವನ ಜಾತಿಗೆ ಆ ಆಸೆ ಸಲ್ಲದೆಂಬುದು ಊರಿನ ಕಟ್ಟಳೆ. ಗಿರೀಶ ಕಾಸರವಳ್ಳಿಯವರ 1986ರ ‘ತಬರನ ಕಥೆ’ ಇನ್ನೊಂದು ಬಗೆಯದು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ್ದು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ, ಮನೆಯಲ್ಲಿ ಕಾಲಿನ ಹುಣ್ಣಿನಿಂದ ನರಳುವ ಹೆಂಡತಿ. ಅಲ್ಲಿ ಖಳನಾಯಕನಿಲ್ಲ, ಕಡತಗಳಿವೆ. ಮುಂದೆ ಅಧಿಕಾರಿಗಳಾಗಿ ಮೇಜಿನ ಆಚೆ ಕೂರಲಿರುವ ವಿದ್ಯಾರ್ಥಿಗಳು, ಕೂರುವ ಮುನ್ನ ಒಮ್ಮೆ ಮೇಜಿನ ಈಚೆ ನಿಂತು ನೋಡುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮಠದ ಶಾಲೆಗಳಲ್ಲಿ ಚಿತ್ರ ತೋರಿಸುವ ಪ್ರಸಂಗ ಬಂದಾಗಲೆಲ್ಲ ಮೊದಲು ನೆನಪಾಗುವುದು ಶರಣರ ಚರಿತ್ರೆಯನ್ನು ಕುರಿತ ಚಿತ್ರಗಳು. ಹೊನ್ನಪ್ಪ ಭಾಗವತರ್ ಅವರ 1959ರ ‘ಜಗಜ್ಯೋತಿ ಬಸವೇಶ್ವರ’, 1983ರ ‘ಕ್ರಾಂತಿಯೋಗಿ ಬಸವಣ್ಣ’, ಟಿ. ಎಸ್. ನಾಗಾಭರಣರ 2017ರ ‘ಅಲ್ಲಮ’ ಮೊದಲಾದವು ಇಂಥವು. ಅಂಧ ಸಾಧಕರೊಬ್ಬರು ಅಂಧ ಮಕ್ಕಳಿಗೆ ಸಂಗೀತದ ದೃಷ್ಟಿ ನೀಡಿದ ಕಥೆ ಹೇಳುವ, ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ತಂದ 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’, ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನನ್ನು ಮಗನಂತೆ ಕಂಡ ‘ಸಂತ ಶಿಶುನಾಳ ಶರೀಫ’ ಇವೂ ಆ ಸಾಲಿಗೆ ಸೇರುತ್ತವೆ. ಇವನ್ನು ತೋರಿಸುವುದು ಯುಕ್ತವೇ. ಆದರೆ ಇಷ್ಟಕ್ಕೇ ನಿಂತರೆ ಸಾಲದು. ಮಹಾಪುರುಷರ ಚಿತ್ರವನ್ನು ನೋಡುವವನ ಕೈ ತಾನಾಗಿ ಮುಗಿಯುತ್ತದೆ; ಮುಗಿದ ಕೈಯ ಹಿಂದೆ ಮನಸ್ಸು ನಿದ್ರಿಸಲೂಬಹುದು. ಬಸವಣ್ಣನ ಹೆಸರನ್ನು ಒಮ್ಮೆಯೂ ಎತ್ತದ ‘ಚೋಮನ ದುಡಿ’ಯು ಬಸವಣ್ಣನ ಪ್ರಶ್ನೆಗಳಿಗೆ ಅನೇಕ ಭಕ್ತಿಚಿತ್ರಗಳಿಗಿಂತ ಹತ್ತಿರವಾಗಿದೆ.

‘ಸಂಸ್ಕಾರ’ದ ವಿಷಯದಲ್ಲಿ ಈ ಮಾತು ಇನ್ನಷ್ಟು ತೀಕ್ಷ್ಣವಾಗುತ್ತದೆ. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮರೆಡ್ಡಿಯವರು 1970ರಲ್ಲಿ ಚಿತ್ರವಾಗಿಸಿದಾಗ ಮೊದಲು ಅದಕ್ಕೆ ಸೆನ್ಸಾರ್ ಮಂಡಳಿಯ ತಡೆಯಾಯಿತು. ಆ ಬಳಿಕ ಅದೇ ಚಿತ್ರಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಮನ್ನಣೆ ಬಂದಿತು. ಆಚಾರಗೆಟ್ಟವನೊಬ್ಬ ಸತ್ತಾಗ ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ತತ್ತರಿಸುವ ಕಥೆಯದು. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಲ್ಲಿ ಗರ್ಭಿಣಿಯಾದ ಬಾಲವಿಧವೆಗೆ ಹೆತ್ತ ತಂದೆಯೇ ಬದುಕಿರುವಾಗ ಶ್ರಾದ್ಧ ಮಾಡುತ್ತಾನೆ, ಅವಳನ್ನು ಅಕ್ಕನೆಂದು ನಂಬಿದ್ದ ಪಾಠಶಾಲೆಯ ಪುಟ್ಟ ಬಾಲಕನ ಕಣ್ಣಿನಿಂದ ಇಡೀ ಪ್ರಸಂಗ ಕಾಣುತ್ತದೆ. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಇವುಗಳನ್ನು ಪಾಲಕರೊಂದಿಗೆ ಕುಳಿತು ನೋಡತಕ್ಕದ್ದು.

ಆದರೆ ಇನ್ನೊಬ್ಬರ ಅಗ್ರಹಾರವನ್ನು ನೋಡಿ ನಗುವುದು ಸುಲಭ. ಸ್ವಂತ ಓಣಿಯನ್ನು ನೋಡಿಕೊಳ್ಳುವುದು ಕಠಿಣ. ಆ ಎರಡೂ ಚಿತ್ರಗಳನ್ನು ರಚಿಸಿದವರು ಪರರ ಮನೆಯ ದೋಷ ಎಣಿಸಲು ಹೊರಟವರಲ್ಲ. ಕಥೆ ಬರೆದವರು ಅದೇ ಅಗ್ರಹಾರದ ಅಂಗಳದಲ್ಲಿ ಬೆಳೆದವರು. ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕಾಗಿ ಕಲ್ಯಾಣವು ರಕ್ತ ಸುರಿಸಿತೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಮಾಜದಲ್ಲಿ, ಇಂದು ವಧೂವರರ ಜಾಹೀರಾತಿನಲ್ಲಿ ಒಳಪಂಗಡದ ಹೆಸರು ಏಕೆ ಮೊದಲ ಸಾಲಿಗೆ ಬರುತ್ತದೆ? ‘ಸಂಸ್ಕಾರ’ವನ್ನು ನೋಡಿದ ಶರಣ ಕುಟುಂಬದ ವಿದ್ಯಾರ್ಥಿಯು ಈ ಪ್ರಶ್ನೆಯೊಂದಿಗೆ ಮನೆಗೆ ಹೋದರೆ ಚಿತ್ರ ಸಾರ್ಥಕವಾಯಿತು, ‘ಅವರು ಹಾಗೆ, ಪುಣ್ಯಕ್ಕೆ ನಾವು ಹೀಗಲ್ಲ’ ಎಂದುಕೊಂಡು ಹೋದರೆ ಎರಡು ಗಂಟೆಯ ಕಾಲ ವ್ಯರ್ಥವಾಯಿತು. ತನ್ನನ್ನು ಪ್ರಶ್ನಿಸುವ ಚಿತ್ರವನ್ನು ತನ್ನ ಸಭಾಂಗಣದಲ್ಲಿಯೇ ತೋರಿಸುವ ಧೈರ್ಯವಿರುವ ಸಂಸ್ಥೆ ಮಾತ್ರ ಅನುಭವ ಮಂಟಪದ ವಾರಸುದಾರಿಕೆಯನ್ನು ಹೇಳಿಕೊಳ್ಳಬಲ್ಲದು.

ನೋಡತಕ್ಕದ್ದು ಯಾವುದೆಂಬುದರಷ್ಟೇ ಮುಖ್ಯವಾದುದು ನೋಡುವ ಬಗೆ. ತಿಂಗಳಿಗೆ ಒಂದು ಚಿತ್ರ ಸಾಕು, ವರ್ಷಕ್ಕೆ ಹತ್ತು. ಹಕ್ಕುದಾರರ ಅನುಮತಿ ಪಡೆದು, ಶಿಕ್ಷಕರೊಬ್ಬರು ಮೊದಲೇ ಪೂರ್ತಿಯಾಗಿ ನೋಡಿ, ಯಾವ ತರಗತಿಗೆ ಯಾವುದು ಯೋಗ್ಯವೆಂದು ನಿರ್ಧರಿಸಬೇಕು. ಪ್ರಸಾದ ನಿಲಯದ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತೆ ಒಂದೇ ತೆರೆಯ ಮುಂದೆ ಕುಳಿತು ನೋಡಬೇಕು. ನಡುವೆ ನಿಲ್ಲಿಸಿ ವ್ಯಾಖ್ಯಾನ ಮಾಡಬಾರದು. ಮುಗಿದ ಕೂಡಲೇ ನೀತಿ ಹೇಳಲೂಬಾರದು; ಐದು ನಿಮಿಷ ಮೌನವಿರಲಿ, ಆಮೇಲೆ ಅರ್ಧ ಗಂಟೆ ಮಾತು ನಡೆಯಲಿ. ಆ ಮಾತಿನಲ್ಲಿ ಶಿಕ್ಷಕರು ಕೊನೆಗೆ ಮಾತನಾಡಲಿ, ಅತ್ಯಂತ ಕಿರಿಯ ವಿದ್ಯಾರ್ಥಿ ಮೊದಲು ಮಾತನಾಡಲಿ. ‘ನನಗೆ ಈ ಚಿತ್ರ ಹಿಡಿಸಲಿಲ್ಲ’ ಎಂದು ಹೇಳುವವನಿಗೂ ಅವಕಾಶವಿರಲಿ. ಏಕೆ ಹಿಡಿಸಲಿಲ್ಲವೆಂದು ಹೇಳುವ ಹೊಣೆಯೂ ಅವನದಾಗಿರಲಿ. ಮೂಲ ಕಾದಂಬರಿ ಗ್ರಂಥಾಲಯದಲ್ಲಿದ್ದರೆ ಮರುದಿನ ಅದಕ್ಕಾಗಿ ಸಾಲು ನಿಲ್ಲುವುದು ಖಂಡಿತ. ನಿಧಾನಗತಿಯ ಚಿತ್ರ ಮಕ್ಕಳಿಗೆ ಬೇಸರವೆಂಬ ಆಕ್ಷೇಪ ಏಳಬಹುದು. ನಿಜ, ಮೊದಲ ಚಿತ್ರದಲ್ಲಿ ಆಕಳಿಕೆ ಬರುತ್ತದೆ. ತುಣುಕುಗಳಿಗೆ ಒಗ್ಗಿದ ಕಣ್ಣಿಗೆ ಎರಡು ಗಂಟೆಯ ತಾಳ್ಮೆ ಒಂದು ವ್ರತವೇ ಸರಿ. ಆದರೆ ಬೇಸರವನ್ನು ದಾಟಿ ನಿಲ್ಲುವ ಶಕ್ತಿಯನ್ನು ಕಲಿಸದ ಶಾಲೆ ಇನ್ನೇನನ್ನು ಕಲಿಸೀತು?

ಇನ್ನೊಂದು ಕಾರಣಕ್ಕಾಗಿಯೂ ಈ ಕೆಲಸ ತಡಮಾಡತಕ್ಕದ್ದಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಓಲೆಗರಿಯನ್ನು ಗೆದ್ದಲಿನಿಂದ ಕಾಪಾಡಿದ ಮಠಗಳ ನಾಡಿನಲ್ಲಿ ಒಂದು ಭಾಷೆಯ ಮೊದಲ ಮಾತಿನ ಚಿತ್ರವನ್ನು ಕಾಪಾಡುವವರಿಲ್ಲದೆ ಹೋಯಿತು. ಇದಕ್ಕೆ ಪ್ರತಿಯಾಗಿ ‘ಘಟಶ್ರಾದ್ಧ’ವು ಜೀರ್ಣೋದ್ಧಾರಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಕೃತಿಗಳ ವಿಭಾಗದಲ್ಲಿ ಮತ್ತೆ ಪ್ರದರ್ಶನಗೊಂಡಿತು. ಮಲೆನಾಡಿನ ಬಾಲಕನೊಬ್ಬನ ಕಣ್ಣೀರು ಸುಮಾರು ಅರ್ಧ ಶತಮಾನದ ಮೇಲೆ ಇಟಲಿಯ ಪ್ರೇಕ್ಷಕರ ಮುಂದೆ ಹೊಸದಾಗಿ ನಿಂತಿತು. ವೆನಿಸ್ಸಿನಲ್ಲಿ ನೋಡಿದವರಿದ್ದಾರೆ, ಹುನಗುಂದ, ಸಿಂಧನೂರು, ಚಿತ್ತಾಪುರಗಳಲ್ಲಿ ನೋಡಿದ ಹದಿನೇಳರ ತರುಣರು ಎಷ್ಟು ಮಂದಿ? ನೋಡುವವರಿಲ್ಲದ ಚಿತ್ರ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದರೂ ಕಳೆದುಹೋದಂತೆಯೇ.

1975ರಲ್ಲಿ ಊರಿಗೊಂದು ಪೆಟ್ಟಿಗೆಯಿತ್ತು, ನೋಡಲು ತಕ್ಕಷ್ಟು ಇರಲಿಲ್ಲ. ಈಗ ಕೈಗೊಂದು ಪೆಟ್ಟಿಗೆಯಿದೆ, ನೋಡಿ ಮುಗಿಸಲಾಗದಷ್ಟಿದೆ. ಅಂದು ಇದ್ದು ಇಂದು ಇಲ್ಲದಿರುವುದು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯ, ಮುಗಿದ ಮೇಲೆ ಆಡುವ ನಾಲ್ಕು ಮಾತು. ಅವೆರಡನ್ನು ಮರಳಿ ಒದಗಿಸುವುದಕ್ಕೆ ಉಪಗ್ರಹವೂ ಬೇಡ, ದೊಡ್ಡ ಅನುದಾನವೂ ಬೇಡ. ಒಂದು ಬಿಳಿಯ ಗೋಡೆ, ಹಾಸಿದ ಜಮಖಾನ, ಶನಿವಾರದ ಒಂದು ಮಧ್ಯಾಹ್ನ ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಈ ವಿಷಯವನ್ನು ಕುರಿತು ಹಿರಿಯರ ಲೇಖನದ ಬದಲು, ತಾನು ನೋಡಿದ ಚಿತ್ರವನ್ನು ಕುರಿತು ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಲೇಖನ ಅಚ್ಚಾದರೆ, ಅದೇ ಈ ಮಾತುಗಳಿಗೆ ಸಲ್ಲುವ ಉತ್ತರ.